ರಬ್ಬರ್ ಕಪ್ಪೆಗೆ ಇಲ್ಲಿ ಯಾವ ಮೀನು?

ಪ್ರಶ್ನೆ: ಅಮೆರಿಕದಿಂದ ಬಂದ ಮಗ ಗಾಳಕ್ಕೆ ಕಟ್ಟುವ ಎರಡು ರಬ್ಬರ್ ಕಪ್ಪೆ ತಂದುಕೊಟ್ಟಿದ್ದಾನೆ. ಅಲ್ಲಿ ವಸಂತದಲ್ಲಿ ಇದಕ್ಕೆ ಬಾಸ್ ಮೀನು ಬೀಳುತ್ತದಂತೆ. ಮಂಗಳೂರಿನಲ್ಲಿ ಇದರಿಂದ ಏನಾದರೂ ಉಪಯೋಗವುಂಟಾ?
– ಓದುಗರೊಬ್ಬರು, ಕಾವೂರು

ಉಂಟು. ಆದರೆ ಬಾಸ್‌ಗಲ್ಲ, ಅದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ನೀವು ಕಾದು ಕೂರಬೇಕಾದದ್ದು ಹಾವಿನ ತಲೆಯ ನಮ್ಮ ಕೊರವನಿಗೆ. ಕೆಲವೆಡೆ ಇದನ್ನು ಮರಲ್ ಎನ್ನುತ್ತಾರೆ, ಕೇರಳದವರು ವರಾಲ್ ಎನ್ನುತ್ತಾರೆ.

ಕೊರವ ಕಿವಿರನ್ನಷ್ಟೇ ನಂಬಿ ಬದುಕುವ ಮೀನಲ್ಲ. ಅದರ ತಲೆಯೊಳಗೆ ಗಾಳಿ ಹಿಡಿದಿಡುವ ಗೂಡೊಂದಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿಯದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ! ಅಂತರಗಂಗೆ ಮುಚ್ಚಿದ ಕೆರೆಯಲ್ಲಿ ಎಲೆಗಳ ನಡುವೆ ‘ಗುಳುಂ’ ಎಂದು ಸದ್ದಾಗಿ ಎರಡು ಗುಳ್ಳೆ ಎದ್ದರೆ ಅಲ್ಲಿ ಅವನಿದ್ದಾನೆಂದು ತಿಳಿಯಿರಿ. ಅದಕ್ಕಿಂತ ಎರಡು ಮಾರು ಆಚೆ ಕಪ್ಪೆ ಬೀಳಲಿ. ಸೊಪ್ಪಿನ ಮೇಲೆ ಕುಪ್ಪಳಿಸುವ ಹಾಗೆ ಎಳೆದು, ನಿಲ್ಲಿಸಿ, ಮತ್ತೆ ಎಳೆಯಿರಿ.

ಕಪ್ಪೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಟೊಳ್ಳು. ಬೆನ್ನಿಗೆ ಒರಗಿ ಮಲಗಿದ್ದ ಎರಡು ಕೊಕ್ಕೆಗಳು ಒತ್ತಿದಾಗ ಮಾತ್ರ ತಲೆ ಎತ್ತುತ್ತವೆ. ಹಾಗಾಗಿ ಅದು ಬಳ್ಳಿಗೆ ಸಿಕ್ಕುವುದಿಲ್ಲ, ಮೀನು ಕಚ್ಚಿದಾಗಲಷ್ಟೇ ಚುಚ್ಚುತ್ತದೆ. ಅವಸರ ಮಾಡಿದರೆ ಅದೂ ಇಲ್ಲ. ಮೊದಲ ಸಲ ನೀರು ಸಿಡಿದ ಕೂಡಲೇ ನಾನು ಕೋಲು ಜಗ್ಗಿದೆ. ಕಪ್ಪೆ ನನ್ನ ತಲೆಯ ಮೇಲಿಂದ ಹಾರಿ ತೆಂಗಿನ ಮರ ಸೇರಿತು. ಸದ್ದಿಗೆ ಜಗ್ಗಬಾರದು ಮಾರಾಯ್ರೆ, ದಾರದಲ್ಲಿ ಭಾರ ಬಂದ ಮೇಲೆ ಜಗ್ಗಬೇಕು.

ಇನ್ನು ವಸಂತದ ಮಾತು. ಅಲ್ಲಿ ಚಳಿ ಕಳೆದು ನೀರು ಬೆಚ್ಚಗಾಗುತ್ತಿದ್ದಂತೆ ಬಾಸ್ ಮೊಟ್ಟೆಯಿಡಲು ದಡದ ಕಡೆ ಬರುತ್ತದೆ, ಅದಕ್ಕೇ ಆ ಸಂಭ್ರಮ. ನಮ್ಮಲ್ಲಿ ನೀರು ಯಾವತ್ತು ತಣ್ಣಗಿತ್ತು? ಇಲ್ಲಿ ಲೆಕ್ಕ ಬೇರೆ. ಫೆಬ್ರವರಿಯಿಂದ ಮೇವರೆಗೆ ತೋಡು, ಗದ್ದೆ ಒಣಗಿ ಮೀನೆಲ್ಲ ಉಳಿದ ನೀರಿಗೆ ಬಂದು ಸೇರುತ್ತದೆ. ಬಿಸಿಲೇರುವ ಮೊದಲು ಇಲ್ಲವೇ ಸಂಜೆ ಹೋಗಿ. ಕೆರೆಯ ಮೀನು ಗುತ್ತಿಗೆಗೆ ಹೋಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹೊಳೆಗೆ ಹೋಗುವುದಾದರೆ ಮರವೂರು ಕಿಂಡಿ ಅಣೆಕಟ್ಟಿನಿಂದ ಮೇಲಕ್ಕೆ ಹೋಗಿ. ಕೆಳಗಿನ ಉಪ್ಪುನೀರು ಕುರುಡಿ ಮೀನಿನ ಜಾಗ, ಅದಕ್ಕೆ ಸಿಗಡಿಯೇ ವಾಸಿ.

ಹಿಂದಿನವರು ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಿದ್ದರು. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಲ್ಲಿಸಿತು; ಕಪ್ಪೆ ಕಡಿಮೆಯಾದರೆ ಗದ್ದೆಯ ಹುಳ ತಿನ್ನುವವರು ಯಾರೆಂಬ ಚಿಂತೆ ಅದರ ಹಿಂದಿತ್ತು. ರಬ್ಬರಿನದು ಸಿಕ್ಕಿದೆಯಲ್ಲ, ಅದೇ ಸಾಕು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೀರಿನ ಮೇಲ್ಮೈಯಲ್ಲಿ ಕೆಂಪಗೆ ಮಿಡುಕುವ ಸಣ್ಣ ಮುದ್ದೆ ಕಂಡೀತು. ಅವು ಕೊರವನ ಮರಿಗಳು. ಅವುಗಳ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆಗ ಕಪ್ಪೆ ಬಿದ್ದರೆ ಹಸಿವಿಲ್ಲದಿದ್ದರೂ ಸಿಟ್ಟಿಗೇ ಕಚ್ಚುತ್ತವೆ. ಅಂಥಲ್ಲಿ ದಾರ ಸುತ್ತಿಕೊಂಡು ಬನ್ನಿ. ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳು ಬೇಗನೆ ಮುಗಿಸಿಬಿಡುತ್ತವೆ.