ಬೇಟೆಯ ಪಾಲಿಗೆ ಸಹಿ ಹಾಕುವ ಮೊದಲು

ತಮ್ಮಾ,

ನೀನು ಕಳಿಸಿದ ಕರಾರುಪತ್ರವನ್ನು ಈ ನಿನ್ನ ಕಾಕಾ ಎರಡು ಸಲ ಓದಿದ. ಮೊದಲ ಸಲ ಎದೆ ಝಲ್ಲೆಂದಿತು, ಎರಡನೇ ಸಲ ಸಿಟ್ಟು ಬಂತು. ಆರು ಜನ ಗೆಳೆಯರು ಕೂಡಿ ಟೆಕ್ಸಾಸಿನ ರೈತನೊಬ್ಬನ ಹೊಲ ಲಾವಣಿ ಹಿಡಿಯುವುದು, ಬಾಡಿಗೆಯನ್ನು ಆರು ಪಾಲು ಮಾಡುವುದು, ಸರದಿ ಹಚ್ಚಿಕೊಂಡು ಜಿಂಕೆ ಹೊಡೆಯುವುದು. ಅಲ್ಲಿಯ ಕಾನೂನು ಇದನ್ನು ಒಪ್ಪುತ್ತದೆ, ಸರಿ. ಆದರೆ ಕೊನೆಯ ಪುಟದಲ್ಲಿ ಹೊಡೆಯಬಹುದಾದ ಪ್ರಾಣಿಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಒಂದರ ಚಿತ್ರ ನೋಡಿ ಕಾಕಾ ಕನ್ನಡಕ ತೆಗೆದಿಟ್ಟ. ತಿರುಚಿದ ಕೊಂಬು, ಕರಿ ಬೆನ್ನು, ಬಿಳಿ ಹೊಟ್ಟೆ. ಕುರಕುಂಟಾದ ತೊಗರಿ ಹೊಲದಲ್ಲಿ ನಿಲ್ಲುವ ನಮ್ಮ ಚಿಗರಿ, ಅಂದರೆ ಕೃಷ್ಣಮೃಗ.

ಕೃಷ್ಣಮೃಗವನ್ನು ಟೆಕ್ಸಾಸಿನ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ಒಯ್ದು ಬಿಟ್ಟದ್ದು 1932ರಲ್ಲಿ. ಅದೂ ಸುಣ್ಣಗಲ್ಲಿನ ನೆಲ, ಸೇಡಂ, ವಾಡಿ, ಶಹಾಬಾದಿನ ಹಾಗೆ. ಒಗ್ಗಿಕೊಂಡಿತು, ಹೆಚ್ಚಿತು. ಆ ರಾಜ್ಯದ ನೆಲದಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಖಾಸಗಿಯವರದು. ಹಾಗಾಗಿ ಬೇಟೆ ಬೇಕಾದವನು ಜಮೀನು ಮಾಲಕನಿಗೆ ಬಾಡಿಗೆ ಕೊಡಲೇಬೇಕು, ಒಬ್ಬನ ಕೈಗೆ ಎಟುಕದಿದ್ದರೆ ಗುಂಪು ಕಟ್ಟಬೇಕು. ಅಲ್ಲಿಯದೇ ಆದ ಬಿಳಿಬಾಲದ ಜಿಂಕೆಗೆ ಋತು ಉಂಟು, ಇಷ್ಟೇ ಹೊಡೆಯಬೇಕೆಂಬ ಲೆಕ್ಕ ಉಂಟು. ಹೊರಗಿನಿಂದ ಹೋದ ಚಿಗರಿಗೆ ಋತುವಿನ ತಡೆಯೂ ಇಲ್ಲ, ವರ್ಷವಿಡೀ ಹೊಡೆಯಬಹುದು.

ಕಾಕಾ ಎರಡೂ ಕಡೆ ತೂಗಿಯೇ ಹೇಳುತ್ತಾನೆ. ಬೇಟೆಗಾರರೆಲ್ಲ ಪಾಪಿಗಳು ಎನ್ನುವವನಲ್ಲ ಅವನು. ಅಮೆರಿಕದಲ್ಲಿ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬಂದೂಕು, ಗುಂಡುಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ರೈತನಿಗೂ ನಾಲ್ಕು ಕಾಸು ಸಿಗುತ್ತದೆ. ಇದೆಲ್ಲ ನಿಜ. ಆದರೂ ನಿನ್ನ ಕಾಗದ ಓದುತ್ತ ಓದುತ್ತ ಅವನಿಗೆ ಅರವತ್ತೊಂಬತ್ತನೇ ಇಸವಿಯ ಹಿಂಗಾರಿ ನೆನಪಾಯಿತು.

ಆಗ ಕಾಕಾನಿಗೆ ಹನ್ನೆರಡು. ನಿನ್ನ ಅಜ್ಜನ ಹತ್ತಿರ ಒಂದು ಒಂಟಿ ನಳಿಗೆಯ ಬಂದೂಕು ಇತ್ತು, ಲೈಸೆನ್ಸ್ ಇದ್ದದ್ದು. ಐದು ಮನೆಯವರು ಕೂಡಿ ಮದ್ದು-ಗುಂಡಿಗೆ ರೊಕ್ಕ ಹಾಕುತ್ತಿದ್ದರು. ನೀನೀಗ ಕ್ಲಬ್ ಎನ್ನುತ್ತೀ, ಅವರು ಪಾಲು ಎನ್ನುತ್ತಿದ್ದರು. ಹೊಡೆದವನಿಗೆ ಒಂದು ತೊಡೆ ಹೆಚ್ಚು, ಯಾರ ಹೊಲದಲ್ಲಿ ಬಿತ್ತೋ ಅವನಿಗೊಂದು ಪಾಲು, ಉಳಿದದ್ದು ಸಮ. ಮಾಂಸ ತೂಗುವಾಗ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಅತ್ತಿತ್ತ ಆದರೂ ಮಾತು ಬೆಳೆಯುತ್ತಿತ್ತು.

ಅವತ್ತು ಬೆಳಗಿನ ಜಾವ ಅಜ್ಜ ಕಡಲೆ ಹೊಲದ ಬದುವಿನಲ್ಲಿ ಕೂತಿದ್ದ, ಕಾಕಾ ಅವನ ಬೆನ್ನಿಗೆ. ಹದಿನೈದಿಪ್ಪತ್ತು ಚಿಗರಿಯ ಹಿಂಡು ಮಂಜಿನಲ್ಲಿ ಬಂತು. ಗುಂಡು ಹಾರಿತು. ಹಿಂಡು ಜಿಗಿದು ಹೋಯಿತು, ಒಂದು ಮಾತ್ರ ಹಿಂದೆ ಬಿತ್ತು, ಕಾಲೆಳೆಯುತ್ತ ಪಕ್ಕದ ಜೋಳದ ಹೊಲ ಹೊಕ್ಕಿತು. ಆ ಹೊಲದವನಿಗೂ ಅಜ್ಜನಿಗೂ ಬದುವಿನ ಜಗಳ. "ನನ್ನ ತೆನೆ ತುಳಿದರೆ ನೋಡ್ರಿ" ಎಂದು ಅಡ್ಡ ನಿಂತ. ಐದು ಮನೆಯವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಬಿಸಿಲೇರಿತು, ಎಲ್ಲರೂ ಮನೆಗೆ ಹೋದರು.

ಮೂರನೇ ದಿನ ಹದ್ದು ಸುತ್ತುವುದನ್ನು ಕಂಡು ಕಾಕಾ ಹಳೆಯ ಫರ್ಸಿ ಕಲ್ಲಿನ ಗಣಿಯತ್ತ ಓಡಿದ. ಕೊಂಬಿಲ್ಲದ ಹೆಣ್ಣು ಚಿಗರಿ, ನೀರು ಹುಡುಕಿ ಕೆಳಗಿಳಿದು ಅಲ್ಲೇ ಬಿದ್ದಿತ್ತು. ಕೆಚ್ಚಲಿನಿಂದ ಸೋರಿದ ಹಾಲು ಕಲ್ಲಿನ ಮೇಲೆ ಸುಣ್ಣದ ಗೆರೆಯಂತೆ ಒಣಗಿತ್ತು. ಅಜ್ಜ ಬಂದು ನೋಡಿದ, ಮಾತಾಡಲಿಲ್ಲ, ಸಲಿಕೆ ತಂದು ಮಣ್ಣು ಮಾಡಿದ. ಚರ್ಮಕ್ಕೆ ಬೆಲೆ ಬರುತ್ತಿತ್ತಲ್ಲ ಎಂದು ಮಿಕ್ಕವರು ರೇಗಿದರು. ಗುಂಡಿನ ರೊಕ್ಕ ಯಾರ ತಲೆಗೆ ಎಂಬ ಮಾತಿಗೆ ಪಾಲೂ ಮುರಿಯಿತು, ಎರಡು ಮನೆಗಳ ಸಂಬಂಧವೂ ಮುರಿಯಿತು. ಬಾಡಿಗೆ ಆರು ಪಾಲಾಗುತ್ತದೆ ತಮ್ಮಾ, ಮಾಂಸವೂ ಆಗುತ್ತದೆ. ಗಾಯಗೊಂಡು ಓಡಿದ ಪ್ರಾಣಿ ಯಾರ ಪಾಲಿಗೂ ಬರುವುದಿಲ್ಲ.

ಎಪ್ಪತ್ತೆರಡರಲ್ಲಿ ಬರ ಬಿತ್ತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಕೃಷ್ಣಮೃಗ ಮೊದಲನೇ ಅನುಸೂಚಿಗೆ ಸೇರಿತು. ಅಜ್ಜ ಬಂದೂಕನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟವನು ಮತ್ತೆ ಇಳಿಸಲಿಲ್ಲ. 1974ರಲ್ಲಿ ರಾಣೇಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು, 2011ರಲ್ಲಿ ನಮ್ಮ ಚಿಂಚೋಳಿಯ ಕಾಡಿಗೂ ಅಭಯಾರಣ್ಯದ ಹೆಸರು ಬಂತು. ಇವತ್ತು ಇಲ್ಲಿ ಚಿಗರಿ ಕೊಂದವನಿಗೆ ಮೂರರಿಂದ ಏಳು ವರ್ಷ ಸಜೆ. ಬೆಳೆ ತಿಂದಿತೆಂಬ ಕಾರಣಕ್ಕೆ ಹೊಡೆಯಲು ಪರವಾನಗಿಯೂ ಸಿಗದು. 1998ರಲ್ಲಿ ಜೋಧಪುರದ ಹತ್ತಿರ ನಡೆದ ಬೇಟೆಗೆ ಸಲ್ಮಾನ್ ಖಾನ್‌ಗೆ 2018ರಲ್ಲಿ ಐದು ವರ್ಷದ ಶಿಕ್ಷೆ ಘೋಷಣೆಯಾದದ್ದು ನೀನೇ ಟಿವಿಯಲ್ಲಿ ನೋಡಿದ್ದೀ. ಆ ಪ್ರಕರಣವನ್ನು ಬಿಡದೆ ಹಿಡಿದವರು ಬಿಷ್ಣೋಯಿ ಹಳ್ಳಿಗರು, ಹೊಲ ಉಳುವ ಜನ.

ಕಾಕಾನ ತೊಗರಿಯನ್ನೂ ಚಿಗರಿ ತಿನ್ನುತ್ತದೆ. ಆಷಾಢದಲ್ಲಿ ಎರಡೆಲೆ ಒಡೆದದ್ದೇ ತಡ, ಸಾಲಿಗೆ ಸಾಲು ಚಿವುಟಿ ಹೋಗುತ್ತವೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಬಂದರೂ ಹೊಲ ಕಾಯುವ ರಾತ್ರಿಗಳೇನೂ ಕಡಿಮೆಯಾಗಲಿಲ್ಲ. ಈ ವಯಸ್ಸಿನಲ್ಲೂ ಅವನು ಮಂಚಿಗೆಯ ಮೇಲೆ ಕೂತು ಡಬ್ಬಿ ಬಡಿಯುತ್ತಾನೆ. ಇಲ್ಲಿ ಬಡಿದು ಓಡಿಸುತ್ತೇವೆ. ಅಲ್ಲಿ ನೀವು ಗಡಿಯಾರ ಹಚ್ಚಿದ ಯಂತ್ರದಿಂದ ಮೆಕ್ಕೆಜೋಳ ಚೆಲ್ಲಿಸಿ, ಊಟಕ್ಕೆ ಕರೆದು, ಮರೆಯಲ್ಲಿ ಕೂತು ಹೊಡೆಯುತ್ತೀರಿ. ಉಣ್ಣಲು ಕರೆದದ್ದರ ಮೇಲೆ ಕೈ ಎತ್ತುವುದನ್ನು ಈ ಮನೆಯಲ್ಲಿ ಯಾರು ಕಲಿಸಿದರು ನಿನಗೆ? ನಿಮ್ಮದೇ ಎಂಟು ಎಕರೆಯ ಬದು ಎಲ್ಲಿ ತಿರುಗುತ್ತದೆಂದು ಕೇಳಿದರೆ ಹೇಳಲಾರೆ. ಪರದೇಶದ ಹೊಲಕ್ಕೆ ಪಾಲುದಾರನಾಗಲು ಹೊರಟಿದ್ದೀ.

ಬೈದದ್ದು ಹೆಚ್ಚಾಯಿತೇನೋ. ಅಲ್ಲಿ ಒಬ್ಬನೇ ಇದ್ದೀ, ಶನಿವಾರ-ಭಾನುವಾರ ನಾಲ್ಕು ಗೋಡೆ ನೋಡುತ್ತ ಕೂಡುವುದು ಕಷ್ಟ, ಗೆಳೆಯರ ಜೊತೆ ಬಯಲಿಗೆ ಹೋಗುವ ಆಸೆ ಸಹಜ. ಅದಕ್ಕೇ ನೆಟ್ಟಗೆ ನಾಲ್ಕು ಮಾತು. ಜಮೀನು ಮಾಲಕನ ಹತ್ತಿರ ಬೇಟೆಗೆ ಹೊಲ ಕೊಡುವ ಲೈಸೆನ್ಸ್ ಇದೆಯೇ ಕೇಳು, ಟೆಕ್ಸಾಸಿನಲ್ಲಿ ಅದು ಬೇಕು. ನೀನು ಎಚ್-1ಬಿ ವೀಸಾದ ಮೇಲಿರುವವನು. ಬೇಟೆಯ ಲೈಸೆನ್ಸ್ ಕೈಯಲ್ಲಿಲ್ಲದೆ ಬಂದೂಕು ಮುಟ್ಟಿದರೆ ಅಲ್ಲಿಯ ಕೇಂದ್ರ ಕಾನೂನಿಗೆ ಅಪರಾಧ. ಬೇಟೆಯಾಡುವವರಿಗೆ ಬೇಟೆ ಶಿಕ್ಷಣದ ಪಾಠದ ನಿಯಮವೂ ಇದೆ, ವಿಚಾರಿಸು. ಹೊಡೆದ ಪ್ರಾಣಿ ಬೇಲಿ ದಾಟಿದರೆ ಪಕ್ಕದ ಮಾಲಕ ಒಪ್ಪದೆ ಕಾಲಿಡುವಂತಿಲ್ಲ. ಕರಾರಿನಲ್ಲಿ ಬಾಡಿಗೆಯ ಕಂತಿಗೆ ಒಂದು ಇಡೀ ಪುಟ ಇದೆ, ಗಾಯಗೊಂಡದ್ದನ್ನು ಹುಡುಕಿ ಹೋಗುವವರು ಯಾರೆಂದು ಒಂದು ಸಾಲೂ ಇಲ್ಲ. ಅಜ್ಜನ ಐದು ಮನೆಯವರೂ ಅದನ್ನು ಮಾತಾಡಿಕೊಂಡಿರಲಿಲ್ಲ.

ತೀರ್ಮಾನ ನಿನ್ನದೇ. ಆದರೂ ಈ ವರ್ಷ ಪಾಲು ಹಾಕಬೇಡ. ಗೆಳೆಯರು ಹಿಡಿಯಲಿ, ನೀನು ಬಂದೂಕಿಲ್ಲದೆ ಅತಿಥಿಯಾಗಿ ಹೋಗು, ಅವರು ಹೊಡೆದ ಮೇಲೆ ಹೇಗೆ ನಡೆದುಕೊಳ್ಳುತ್ತಾರೆ ನೋಡು. ತೊಗರಿ ರಾಶಿಯ ಹೊತ್ತಿಗೆ ಊರಿಗೆ ಬಾ. ಮಂಚಿಗೆಯ ಮೇಲೆ ಇಬ್ಬರು ಕೂಡುವಷ್ಟು ಜಾಗ ಇದೆ. ಬೆಳಗಿನ ಐದಕ್ಕೆಲ್ಲ ಹಿಂಡು ಮುಚ್ಚಿದ ಸಿಮೆಂಟ್ ಕಾರ್ಖಾನೆಯ ಕಡೆಯಿಂದ ಬರುತ್ತದೆ, ಮುಂದೆ ಒಂದು ಹಳೇ ಕರಿ ಗಂಡು.

ಸಹಿ ಹಾಕುವ ಮೊದಲು ಫೋನ್ ಮಾಡು. ನಿನಗೆ ಶನಿವಾರ ರಾತ್ರಿ ಒಂಬತ್ತಾದರೆ ಇಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಕಾಕಾ ಅಷ್ಟೊತ್ತಿಗೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಿರುತ್ತಾನೆ.

ನಿನ್ನ ಕಾಕಾ,
ಕುರಕುಂಟಾ