ಸೂರ್ಯನ ಬೆಳಕು ನಮ್ಮದು, ಫಲಕ ಯಾರದು?

ಊರಿನ ಮನೆಯ ಮಾಳಿಗೆಗೆ ಸೌರಫಲಕ ಹಾಕಿಸಬೇಕೆಂದು ಹಣ ಕೂಡಿಡುತ್ತಿರುವ ಬಂಧುಗಳು ನಮ್ಮಲ್ಲಿ ಹಲವರಿದ್ದಾರೆ. ಎರಡು ಫಲಕಗಳ ಮೇಲೂ 'ಭಾರತದಲ್ಲಿ ತಯಾರಾದುದು' ಎಂಬ ಮುದ್ರೆಯಿದ್ದರೂ ಬೆಲೆ ಬೇರೆ ಬೇರೆ ಏಕೆ, ಒಂದಕ್ಕೆ ಮಾತ್ರ ಸರಕಾರದ ಸಹಾಯಧನ ಏಕೆ ಎಂಬುದು ಅವರ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಫಲಕ ಹುಟ್ಟುವ ಬಗೆಯನ್ನು ಮೊದಲು ನೋಡಬೇಕು.

ಗಿರಣಿಗಳ ಮುಂಬಯಿಯನ್ನು ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಹತ್ತಿ, ನೂಲು, ಬಟ್ಟೆ, ಅಂಗಿ ಎಂದು ನಾಲ್ಕು ಹಂತಗಳಿರುವಂತೆ ಫಲಕಕ್ಕೂ ನಾಲ್ಕು ಹಂತ. ಬೆಣಚುಕಲ್ಲಿನಿಂದ ತೆಗೆದ ಸಿಲಿಕಾನನ್ನು ಅತಿಶುದ್ಧಗೊಳಿಸಿದರೆ ಅದು ಹತ್ತಿ. ಅದನ್ನು 1,400 ಡಿಗ್ರಿಗೂ ಮಿಕ್ಕ ಶಾಖದಲ್ಲಿ ಕರಗಿಸಿ, ಗಟ್ಟಿಯಾಗಿಸಿ, ಹಪ್ಪಳಕ್ಕಿಂತ ತೆಳುವಾದ ಬಿಲ್ಲೆಗಳಾಗಿ ಕೊಯ್ದರೆ ನೂಲು. ಬೆಳಕು ಬಿದ್ದೊಡನೆ ವಿದ್ಯುತ್ತು ಹರಿಯುವಂತೆ ಬಿಲ್ಲೆಯನ್ನು ಸಂಸ್ಕರಿಸಿದರೆ ಸೆಲ್, ಇದು ಬಟ್ಟೆ. ಸೆಲ್ಲುಗಳನ್ನು ಸಾಲಾಗಿ ಬೆಸೆದು, ಗಾಜು ಹೊದಿಸಿ, ಚೌಕಟ್ಟು ಕಟ್ಟುವುದು ಹೊಲಿಗೆ. ಪರದೇಶದ ಬಟ್ಟೆ ತರಿಸಿ ಇಲ್ಲಿ ಹೊಲಿದರೂ ಅದು ಇಲ್ಲಿಯ ಅಂಗಿಯೇ. ದರ್ಜಿಗೆ ಕೂಲಿ ಸಿಕ್ಕಿತು, ನಿಜ. ನೇಕಾರನಿಗೆ ಏನು ಸಿಕ್ಕಿತು?

ಈ ವಿದ್ಯೆ ನಮಗೆ ಹೊಸತಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆ ಸಿಲಿಕಾನ್ ಸೆಲ್ಲನ್ನು ಲೋಕಕ್ಕೆ ತೋರಿಸಿದ್ದು 1954ರಲ್ಲಿ. ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲೇ ಸೆಲ್ ತಯಾರಿಸಿತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿ.ಪಿ. ಸೋಲಾರ್ ಆರಂಭವಾಯಿತು. ಅನಂತರ ಚೀನಾ ದೊಡ್ಡ ಪ್ರಮಾಣದಲ್ಲಿ ಕಾರ್ಖಾನೆಗಳನ್ನು ಎಬ್ಬಿಸಿತು, ಬೆಲೆ ಕುಸಿಯಿತು, ನಮ್ಮವರು ಹಿಂದೆ ಬಿದ್ದರು.

2010ರಲ್ಲಿ ರಾಷ್ಟ್ರೀಯ ಸೌರ ಯೋಜನೆ ಬಂದಾಗ ಸರಕಾರ ಬೇಲಿ ಹಾಕಿತು: ಸಿಲಿಕಾನ್ ಫಲಕ ಇಲ್ಲಿಯದೇ ಆಗಿರಬೇಕು. ಆದರೆ ಗಾಜಿನ ಮೇಲೆ ತೆಳುವಾಗಿ ಲೇಪಿಸಿ ಮಾಡುವ ಇನ್ನೊಂದು ಜಾತಿಯ ಫಲಕಕ್ಕೆ ಈ ನಿಯಮ ಹಾಕಲಿಲ್ಲ. ಬೇಲಿಯಲ್ಲಿ ಉಳಿದ ಈ ಕಂಡಿಯಿಂದ ಅಮೆರಿಕದ ಲೇಪಿತ ಫಲಕಗಳು ಅಲ್ಲಿಯದೇ ಸರಕಾರಿ ಬ್ಯಾಂಕಿನ ಕಡಿಮೆ ಬಡ್ಡಿಯ ಸಾಲದೊಡನೆ ಒಳಬಂದವು. ಅಷ್ಟಾದ ಮೇಲೂ 2013ರಲ್ಲಿ ಅಮೆರಿಕವೇ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಮ್ಮ ಮೇಲೆ ದೂರು ಹೂಡಿತು. 2016ರಲ್ಲಿ ತೀರ್ಪು ನಮಗೆ ವಿರುದ್ಧವಾಯಿತು. ಕಂಡಿಯನ್ನೂ ಬಳಸಿಕೊಂಡು ಬೇಲಿಯ ಮೇಲೂ ದಾವೆ ಹೂಡುವ ಈ ಜಾಣತನಕ್ಕೆ ಏನೆನ್ನಬೇಕೋ ವಾಚಕರೇ ಹೇಳಲಿ.

ಆಮೇಲೆ ಸರಕಾರ ದಾರಿ ಬದಲಿಸಿತು. 2022ರ ಏಪ್ರಿಲ್‌ನಲ್ಲಿ ಹೊರಗಿನ ಫಲಕಕ್ಕೆ ನೂರಕ್ಕೆ 40, ಸೆಲ್ಲಿಗೆ 25 ಆಮದು ಸುಂಕ ಹೇರಿತು. ಉತ್ಪಾದಿಸಿ ಮಾರಿದಷ್ಟಕ್ಕೆ ಉತ್ತೇಜನ ಧನ ಕೊಡುವುದಾಗಿ 2021ರಲ್ಲಿ 4,500 ಕೋಟಿ, 2022ರಲ್ಲಿ 19,500 ಕೋಟಿ ರೂಪಾಯಿ ತೆಗೆದಿಟ್ಟಿತು. ಫಲ ಕಾಣಿಸಿತು: ಸರಕಾರದ ಅಂಗೀಕೃತ ಪಟ್ಟಿಯಲ್ಲಿರುವ ಫಲಕ ಕಾರ್ಖಾನೆಗಳ ಸಾಮರ್ಥ್ಯ 2025ರ ಆಗಸ್ಟಿನಲ್ಲಿ ವರ್ಷಕ್ಕೆ 100 ಗಿಗಾವಾಟ್ ತಲುಪಿತು.

ಆದರೆ ಇದರಲ್ಲಿ ಬಹುಪಾಲು ಹೊಲಿಗೆಯ ಕೆಲಸ. ಸೆಲ್ ಕಾರ್ಖಾನೆಗಳು ಅದಕ್ಕಿಂತ ಬಹಳ ಕಡಿಮೆ. ಬಿಲ್ಲೆ ಕೊಯ್ಯುವವು ಬೆರಳೆಣಿಕೆಯಷ್ಟು. ಸುಂಕದ ಗೋಡೆ ಬೇಡವೆಂದು ನಾವು ಹೇಳುವುದಿಲ್ಲ; ಮೊಳಕೆಗೆ ಬೇಲಿ ಬೇಕು. ಗೋಡೆಯೊಳಗೆ ಹೊಸ ವಿದ್ಯೆ ಬೆಳೆಯದಿದ್ದರೆ ಅದರ ಬೆಲೆಯನ್ನು ಕೊಳ್ಳುವವನೇ ತೆರುತ್ತಾನೆ, ಅಷ್ಟೆ. 1954ರ ಸೆಲ್ ಬಿಸಿಲಿನ ನೂರಕ್ಕೆ ಸುಮಾರು ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು. ಇಂದಿನ ಸಾಮಾನ್ಯ ಫಲಕ ಇಪ್ಪತ್ತನ್ನು ದಾಟಿದೆ. ಇಂಥ ಓಟದಲ್ಲಿ ಯಂತ್ರವನ್ನೂ ಹೊರಗಿನಿಂದ ಕೊಂಡವನ ಕಾರ್ಖಾನೆ ಸಾಲ ತೀರುವ ಮೊದಲೇ ಹಳತಾಗುತ್ತದೆ. ಪವಯಿಯ ಐ.ಐ.ಟಿ.ಯಲ್ಲಿ 2010ರಿಂದ ಸೌರಸೆಲ್ ಸಂಶೋಧನೆಗೆಂದೇ ಒಂದು ರಾಷ್ಟ್ರೀಯ ಕೇಂದ್ರವಿದೆ. ಉತ್ತೇಜನ ಧನದ ಒಂದು ಪಾಲು ಇಂಥ ಕಡೆಗೂ ಕಾರ್ಖಾನೆಯ ಕೆಲಸಗಾರರ ತರಬೇತಿಗೂ ಹರಿಯಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ಬಂಧುಗಳ ಪ್ರಶ್ನೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟಿನ ಫಲಕ ಹಾಕಿಸಿದ ಮನೆಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಫಲಕ ಮಾತ್ರವಲ್ಲ, ಒಳಗಿನ ಸೆಲ್ಲೂ ಭಾರತದ್ದಾಗಿರಬೇಕೆಂಬುದು ನಿಯಮ. ಅಂಥ ಫಲಕಕ್ಕೆ ಬೆಲೆ ಹೆಚ್ಚು. ಆದ್ದರಿಂದ ಮುಂಗಡ ಕೊಡುವ ಮೊದಲು ಸೆಲ್ ಎಲ್ಲಿಯದೆಂದು ಅಂಗಡಿಯವರನ್ನು ಕೇಳಿ, ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.