ಕೆಂಪುಧೂಳು, ಮೇಣ ಮತ್ತು ಮೋಟಾರು ಕಾರು

ಮೋಟಾರು ಕಾರನ್ನು ತೊಳೆದು ಅದಕ್ಕೆ ಮೇಣ ಹಚ್ಚುವುದು ಮೇಲ್ನೋಟಕ್ಕೆ ಬಹು ಸುಲಭವಾದ ಕೆಲಸ. ಒಂದು ಬಕೆಟ್ ನೀರು, ಒಂದು ಹಳೆಯ ಬಟ್ಟೆ, ಒಂದು ಡಬ್ಬಿ ಮೇಣ ಇದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ಆದರೆ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಮಣ್ಣಿನ ದಾರಿಗಳಲ್ಲಿ ಕೆಲವು ವರ್ಷ ಓಡಿದ ಕಾರೊಂದನ್ನು ಬಿಸಿಲಿನಲ್ಲಿ ನಿಲ್ಲಿಸಿ ಪರೀಕ್ಷಿಸಿರಿ. ಬಣ್ಣದ ಮೇಲೆ ಜೇಡರ ಬಲೆಯಂತೆ ನವಿರಾದ ಗೀರುಗಳು, ಬಾಗಿಲುಗಳ ಕೆಳಅಂಚಿನಲ್ಲಿ ತುಕ್ಕಿನ ಗುಳ್ಳೆಗಳು ಕಾಣುವುದುಂಟು. ಇವುಗಳಲ್ಲಿ ಬಹುಭಾಗ ರಸ್ತೆಯ ತಪ್ಪಲ್ಲ, ತೊಳೆದ ಕ್ರಮದ ತಪ್ಪು. ಮೇಣ ಹಚ್ಚುವುದಕ್ಕಿಂತ ಅದಕ್ಕೆ ಮೊದಲು ಕೊಳೆಯನ್ನು ತೆಗೆಯುವುದೇ ಹೆಚ್ಚು ಕಷ್ಟ. ಅದು ಏಕೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಬಣ್ಣದ ಪೊರೆ ಎಷ್ಟು ತೆಳು?

ಕಾರಿನ ಉಕ್ಕಿನ ಹಾಳೆಯ ಮೇಲೆ ಕಾರ್ಖಾನೆಯಲ್ಲಿ ಹಲವು ಪದರಗಳನ್ನು ಕೊಟ್ಟಿರುತ್ತಾರೆ. ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ತಳಬಣ್ಣ, ಬಳಿಕ ನಾವು ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ವಾರ್ನಿಷು. ಇವೆಲ್ಲ ಸೇರಿದರೂ ದಪ್ಪ ಸುಮಾರು 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಹೊಳಪನ್ನು ಕೊಡುವ ವಾರ್ನಿಷಿನ ಪಾಲು ಇದರಲ್ಲಿ ಸುಮಾರು 40 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿಗಿಂತಲೂ ತೆಳು. ಗೀರು ಬಿದ್ದಾಗ ಪಾಲಿಶ್ ಹಾಕಿ ಉಜ್ಜುವುದೆಂದರೆ ಗೀರಿನ ಸುತ್ತಲಿನ ವಾರ್ನಿಷನ್ನೇ ಸವೆಯಿಸಿ ಮಟ್ಟ ಮಾಡುವುದು. ಹೀಗೆ ಸವೆದುದು ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಗೀರು ಬೀಳದಂತೆ ತೊಳೆಯುವುದೇ ಜಾಣತನ.

ಧೂಳಿನ ಸ್ವರೂಪ

ಈ ಸೀಮೆಯ ಕೆಂಪುಧೂಳಿನ ಮೂಲ ಜಂಬಿಟ್ಟಿಗೆ ಮಣ್ಣು. ಹೆಚ್ಚು ಮಳೆ, ಹೆಚ್ಚು ಬಿಸಿಲುಗಳಿರುವ ಕಡೆ ಕಲ್ಲು ಶಿಥಿಲವಾದಾಗ ಕರಗುವ ಲವಣಗಳು ನೀರಿನೊಡನೆ ಹರಿದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳ ಆಕ್ಸೈಡುಗಳು ಉಳಿಯುತ್ತವೆ. ಕೇರಳದ ಅಂಗಾಡಿಪುರದಲ್ಲಿ ಇಂಥ ಕಲ್ಲನ್ನು ಇಟ್ಟಿಗೆಯಂತೆ ಕಡಿಯುತ್ತಿದ್ದುದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ಧೂಳಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಅದರೊಡನೆ ನುಣುಪಾದ ಜೇಡಿಯೂ ಬೆಣಚುಕಲ್ಲಿನ ಚೂರುಗಳೂ ಬೆರೆತಿರುತ್ತವೆ. ಮೋಸ್ ಎಂಬ ವಿಜ್ಞಾನಿ 1812ರಲ್ಲಿ ರೂಪಿಸಿದ ಕಾಠಿನ್ಯದ ಶ್ರೇಣಿಯಲ್ಲಿ ಬೆಣಚುಕಲ್ಲಿನ ಸ್ಥಾನ 7. ಕಿಟಕಿಯ ಗಾಜಿನ ಕಾಠಿನ್ಯ ಸುಮಾರು 5½. ಗಾಜನ್ನೇ ಗೀರಬಲ್ಲ ಹರಳಿಗೆ ಮೆದುವಾದ ವಾರ್ನಿಷು ಯಾವ ಲೆಕ್ಕ? ಬತ್ತ ಬೆಳೆಯುವ ಹಳಿಯಾಳ, ಮುಂಡಗೋಡಗಳ ಕಡೆ ಸುಗ್ಗಿಯ ಕಾಲದಲ್ಲಿ ಹೊಟ್ಟಿನ ಧೂಳೂ ಇದಕ್ಕೆ ಸೇರುತ್ತದೆ. ಬತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿದೆ. ಉಮಿಕರಿಯಿಂದ ಹಲ್ಲು ಬೆಳಗುವುದನ್ನು ಹಿರಿಯರು ಬಲ್ಲರು. ಹಲ್ಲಿನ ಕೊಳೆಯನ್ನು ಉಜ್ಜಿ ತೆಗೆಯುವ ವಸ್ತು ಕಾರಿನ ಹೊಳಪನ್ನೂ ಉಜ್ಜಿ ತೆಗೆಯುತ್ತದೆ.

ಮೊದಲನೆಯ ಕಷ್ಟ: ಗೀರದೆ ತೊಳೆಯುವುದು

ಒಣಗಿದ ಧೂಳನ್ನು ಒಣಬಟ್ಟೆಯಿಂದ ಒರಸುವುದು ಮರಳುಕಾಗದದಿಂದ ಉಜ್ಜಿದಂತೆಯೇ ಸರಿ. ಮೊದಲು ಧಾರಾಳವಾಗಿ ನೀರು ಹಾಯಿಸಿ ಜೇಡಿಯನ್ನು ನೆನೆಯಲು ಬಿಡಬೇಕು. ಒಣಗಿದ ಜೇಡಿ ಹರಳುಗಳನ್ನು ಗಾರೆಯಂತೆ ಹಿಡಿದಿರುತ್ತದೆ. ನೆನೆದಾಗ ಆ ಹಿಡಿತ ಸಡಿಲುತ್ತದೆ. ಸಡಿಲಿದ ಹರಳು ನೀರಿನೊಡನೆ ತಾನೇ ಇಳಿದುಹೋಗಬೇಕು, ಕೈಯ ಒತ್ತಡದಿಂದಲ್ಲ.

ಇದನ್ನು ತಿಳಿಯಲು ಒಂದು ಸರಳ ಪ್ರಯೋಗವನ್ನು ಮಾಡಬಹುದು. ಉದ್ದನೆಯ ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದು ಚಮಚ ರಸ್ತೆಯ ಮಣ್ಣನ್ನು ಹಾಕಿ ಕಲಕಿರಿ. ಮರಳಿನ ಕಣಗಳು ಕೆಲವು ಕ್ಷಣಗಳಲ್ಲಿ ತಳ ಸೇರುತ್ತವೆ. ಜೇಡಿಯೋ ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಇಂಥ ಸಣ್ಣ ಕಣ ನೀರಿನಲ್ಲಿ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದು ಸ್ಟೋಕ್ಸನ ನಿಯಮ. 2 ಮೈಕ್ರಾನ್ ವ್ಯಾಸದ ಜೇಡಿಯ ಕಣವು 10 ಸೆಂಟಿಮೀಟರು ಇಳಿಯಲು ಸುಮಾರು 8 ಗಂಟೆಗಳು ಬೇಕು.

ಎರಡು ಬಕೆಟ್‌ಗಳನ್ನು ಇಟ್ಟುಕೊಳ್ಳಬೇಕೆಂಬ ಸಲಹೆಯ ಗುಟ್ಟು ಇಲ್ಲಿದೆ. ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬರಿಯ ನೀರು. ಕಾರಿನ ಮೇಲೆ ಆಡಿಸಿದ ಬಟ್ಟೆಯನ್ನು ಪ್ರತಿಸಲವೂ ಬರಿಯ ನೀರಿನಲ್ಲಿ ಜಾಲಿಸಿದರೆ ಅಪಾಯಕಾರಿಯಾದ ದಪ್ಪ ಹರಳುಗಳು ಬೇಗನೆ ತಳಕ್ಕಿಳಿದು ಅಲ್ಲೇ ನಿಲ್ಲುತ್ತವೆ. ಒಂದೇ ಬಕೆಟ್ ಇದ್ದರೆ ತೆಗೆದ ಹರಳನ್ನೇ ಮತ್ತೆ ಕಾರಿಗೆ ಉಜ್ಜಿದಂತಾಗುತ್ತದೆ. ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬಂದು, ಹರಳು ಹೆಚ್ಚಾಗಿರುವ ಕೆಳಭಾಗವನ್ನು ಕೊನೆಗೆ, ಬೇರೆ ಬಟ್ಟೆಯಿಂದ ತೊಳೆಯಬೇಕು.

ಬಿಸಿಲಿನಲ್ಲಿ ಗೀರುಗಳು ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತಾಕಾರವಾಗಿ ಕಾಣುವುದನ್ನು ನೀವು ಗಮನಿಸಿರಬಹುದು. ಬಟ್ಟೆಯನ್ನು ಗುಂಡಾಗಿ ಆಡಿಸಿದ್ದೇ ಇದಕ್ಕೆ ಕಾರಣವೆಂದು ತಿಳಿಯಬೇಡಿರಿ. ಗೀರುಗಳು ಎಲ್ಲ ದಿಕ್ಕುಗಳಲ್ಲೂ ಇರುತ್ತವೆ; ಆದರೆ ಬೆಳಕು ಬರುವ ದಿಕ್ಕಿಗೆ ಅಡ್ಡಲಾಗಿರುವವು ಮಾತ್ರ ಅದನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸಬಲ್ಲವು. ಅವುಗಳೆಲ್ಲ ಸೇರಿ ವೃತ್ತದಂತೆ ತೋರುತ್ತವೆ. ಬೆಳಗಿ ಹಳತಾದ ಸ್ಟೀಲು ತಟ್ಟೆಯನ್ನು ದೀಪದ ಕೆಳಗೆ ಹಿಡಿದು ಅತ್ತಿತ್ತ ಸರಿಸಿರಿ: ವೃತ್ತವೂ ದೀಪದ ಬಿಂಬದೊಡನೆಯೇ ಸರಿಯುತ್ತದೆ!

ಎರಡನೆಯ ಕಷ್ಟ: ನೀರಿಗೆ ಬಿಡದ ಕಲೆಗಳು

ದಾಂಡೇಲಿ, ಜೋಯಿಡಾಗಳ ಕಾಡಿನಲ್ಲಿ ಮರದ ನೆರಳಿಗೆ ನಿಲ್ಲಿಸಿದ ಕಾರಿಗೆ ಬಿಸಿಲು ತಪ್ಪುತ್ತದೆ, ಅಂಟು ತಪ್ಪದು. ಮರದ ರಾಳ, ರಸ್ತೆಯ ಡಾಮರುಗಳು ನೀರಿನಲ್ಲಿ ಕರಗುವುದಿಲ್ಲ. ಹಲಸಿನ ಹಣ್ಣು ಬಿಡಿಸುವವರು ಕೈಗೂ ಕತ್ತಿಗೂ ಮೊದಲೇ ಕೊಬ್ಬರಿಎಣ್ಣೆ ಸವರಿಕೊಳ್ಳುವುದು ಮಲೆನಾಡಿನ ಮನೆಮನೆಯ ಪಾಠ. ಎಣ್ಣೆಯ ಜಾತಿಯ ವಸ್ತುವಿಗೆ ಎಣ್ಣೆಯೇ ದ್ರಾವಕ. ಕಾರಿನ ಮೇಲಿನ ಅಂಟಿಗೂ ಡಾಮರಿಗೂ ಸ್ವಲ್ಪ ಎಣ್ಣೆ ಹಚ್ಚಿ, ಮೆದುವಾಗುವವರೆಗೆ ಕಾದು, ಉಗುರು ತಾಕಿಸದೆ ಒರಸಿ, ಜಿಡ್ಡನ್ನು ಸಾಬೂನು ನೀರಿನಿಂದ ಕಳೆಯಬೇಕು.

ಹಕ್ಕಿಯ ಹಿಕ್ಕೆ ಇದಕ್ಕಿಂತ ಕೆಟ್ಟದ್ದು. ಅದರ ಬಿಳಿಭಾಗ ಯೂರಿಕ್ ಆಮ್ಲ. ಬಿಸಿಲಿಗೆ ವಾರ್ನಿಷು ಕಾದು ಮೆದುವಾಗಿರುವಾಗ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದ ವಾರ್ನಿಷು ಆ ಒರಟು ಆಕಾರವನ್ನೇ ತಳೆದು ನಿಲ್ಲುತ್ತದೆ. ಮಂಗಟ್ಟೆ ಹಕ್ಕಿಗಳಿಗೆ ಹೆಸರಾದ ದಾಂಡೇಲಿಯಲ್ಲಿ ಈ ಕಲೆಯನ್ನು ಅಂದಂದೇ ಒದ್ದೆಬಟ್ಟೆ ಹೊದಿಸಿ ನೆನೆಸಿ ತೆಗೆಯುವುದು ಒಳ್ಳೆಯದು.

ಮೂರನೆಯ ಕಷ್ಟ: ಕಣ್ಣಿಗೆ ಬೀಳದ ಮೂಲೆಗಳು

ಕಬ್ಬಿಣದ ಅದಿರೆಂದರೆ ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡು. ತುಕ್ಕೂ ಅದೇ ಬಳಗದ್ದು. ಮನುಷ್ಯನು ಕುಲುಮೆಯಲ್ಲಿ ಬಹಳ ಶಾಖ ವ್ಯಯಿಸಿ ಆಮ್ಲಜನಕವನ್ನು ಅಗಲಿಸಿದ ಕಬ್ಬಿಣ, ಅವಕಾಶ ಸಿಕ್ಕಿದೊಡನೆ ಮರಳಿ ಕೆಮ್ಮಣ್ಣಾಗಲು ಹವಣಿಸುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳಅಂಚು, ಹಾಳೆಗಳು ಮಡಿಚಿಕೊಂಡ ಸಂದು, ಇವು ಅಂಥ ಅವಕಾಶದ ಸ್ಥಾನಗಳು. ಬಾಗಿಲಿನ ತಳದಲ್ಲಿ ನೀರು ಹೊರಬೀಳಲು ಸಣ್ಣ ರಂಧ್ರಗಳಿರುತ್ತವೆ. ಮಳೆಗಾಲದ ಕೆಸರು ಅವನ್ನು ಮುಚ್ಚಿದರೆ ಬಾಗಿಲು ಒಳಗೇ ನೀರು ತುಂಬಿಕೊಳ್ಳುತ್ತದೆ.

ಅಲ್ಲದೆ, ಒದ್ದೆ ಕೆಸರಿನಡಿ ಆಮ್ಲಜನಕ ಕಡಿಮೆ, ಅದರ ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದ ಅಲ್ಲೊಂದು ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು, ಬಣ್ಣ ಕಿತ್ತ ಜಾಗದಲ್ಲಿ ಆಮ್ಲಜನಕ ಕಡಿಮೆಯಿರುವ ಒಳಭಾಗವೇ ಹೆಚ್ಚು ಸವೆಯುತ್ತದೆ. ಹೊರಗೆ ಗುಳ್ಳೆ ಕಾಣುವ ವೇಳೆಗೆ ಒಳಗಿನ ಹಾಳೆ ತೂತಾಗಿರಬಹುದು. ಮಳೆ ಹೆಚ್ಚಾದ ಜೋಯಿಡಾದಲ್ಲಿ ಕೆಸರು ವಾರಗಟ್ಟಲೆ ಒಣಗದು. ಆದುದರಿಂದ ಅಲ್ಲಿ ಮೈಯ ಹೊಳಪಿಗಿಂತ ಈ ಸಂದುಗಳ ಶುಚಿತ್ವ ಮುಖ್ಯ. ಕಾರಿನ ಆಯುಸ್ಸು ಮಾತ್ರವಲ್ಲ, ಅದರೊಳಗೆ ಕುಳಿತವರ ಕ್ಷೇಮವೂ ಉಕ್ಕಿನ ಬಲವನ್ನು ಅವಲಂಬಿಸಿದೆ.

ಮೇಣ ಮಾಡುವುದೇನು?

ಕೆಸುವಿನ ಎಲೆಯ ಮೇಲೆ ಬಿದ್ದ ಮಳೆಹನಿ ಮುತ್ತಿನಂತೆ ಉರುಳುವುದನ್ನು ಎಲ್ಲರೂ ಕಂಡಿದ್ದಾರೆ. ಎಲೆಯ ಮೇಲಿನ ಮೇಣದ ಸೂಕ್ಷ್ಮವಾದ ಉಬ್ಬುತಗ್ಗುಗಳು ಇದಕ್ಕೆ ಕಾರಣ. ನೀರಿನ ಅಣುಗಳು ಒಂದನ್ನೊಂದು ಸೆಳೆಯುವಷ್ಟು ಬಲವಾಗಿ ಮೇಣವು ಅವನ್ನು ಸೆಳೆಯಲಾರದು. ಆದುದರಿಂದ ನೀರು ಹರಡದೆ ಹನಿಗಟ್ಟುತ್ತದೆ. ಕಾರಿನ ಮೇಣಕ್ಕೆ ಹೆಸರಾದುದು ಕಾರ್ನೌಬಾ. ಬ್ರೆಜಿಲ್ ದೇಶದ ತಾಳೆಯೊಂದರ ಎಲೆಯಿಂದ ದೊರೆಯುವುದು. ಜೇನುಮೇಣ ಸುಮಾರು 63 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ, ಕಾರ್ನೌಬಾ 82ರಿಂದ 86 ಡಿಗ್ರಿಯವರೆಗೆ ತಡೆಯುತ್ತದೆ. ಬಿಸಿಲಿಗೆ ಕಾಯುವ ಕಾರಿಗೆ ಅದು ಒಗ್ಗುವುದು ಇದರಿಂದಲೇ.

ಮೇಣ ಹಚ್ಚುವಾಗಿನ ಕಷ್ಟವೆಂದರೆ ಅತಿಯಾಸೆ. ದಪ್ಪವಾಗಿ ಬಳಿದರೆ ಹೊಳಪು ಹೆಚ್ಚುವುದಿಲ್ಲ. ಒರಸುವ ಶ್ರಮ ಹೆಚ್ಚುತ್ತದೆ. ಉಳಿಯುವುದು ಅತಿ ತೆಳುವಾದ ಪೊರೆ ಮಾತ್ರ. ಬಿಸಿಲಿನಲ್ಲಿ ಹಚ್ಚಿದರೆ ಅದರ ದ್ರಾವಕ ಬೇಗ ಆರಿ ಮೇಣ ಕಚ್ಚಿಕೊಳ್ಳುತ್ತದೆ. ಮಳೆಗಾಲದ ಒದ್ದೆ ಗಾಳಿಯಲ್ಲಿ ಆರುವುದೇ ನಿಧಾನ. ಕಪ್ಪು ಪ್ಲಾಸ್ಟಿಕ್ಕು, ರಬ್ಬರುಗಳಿಗೆ ತಾಕಿದರೆ ಅವುಗಳ ಸೂಕ್ಷ್ಮರಂಧ್ರಗಳಲ್ಲಿ ಕುಳಿತು ಬಿಳಿಯ ಕಲೆಯಾಗುತ್ತದೆ. ಹರಳುಗಳು ಉಳಿದಿರುವಾಗಲೇ ಹಚ್ಚಿದರಂತೂ ಹೊಸ ಗೀರುಗಳು ಖಂಡಿತ.

ಮೇಣವು ಗೀರನ್ನು ತಡೆಯುವ ಕವಚವಲ್ಲವೆಂಬುದನ್ನು ಮರೆಯಬಾರದು. ಅದು ಹಲಸು ಕೊಯ್ಯುವವರ ಕೈಗೆ ಸವರಿದ ಎಣ್ಣೆಯಿದ್ದಂತೆ. ಅಂಟು, ಹಿಕ್ಕೆ, ಕೆಸರುಗಳು ಬಣ್ಣದ ಬದಲು ಮೇಣಕ್ಕೆ ಹತ್ತುತ್ತವೆ. ಮುಂದಿನ ಸಲ ಕಡಿಮೆ ಉಜ್ಜಿದರೂ ಬಿಡುತ್ತವೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ಅದು ಸವೆಯುವುದು ಸಹಜ. ಬಟ್ಟೆ ಒಗೆಯುವ ಸೋಡಾ ಪುಡಿ ಅದನ್ನು ಇನ್ನೂ ಬೇಗ ಕಳೆಯುತ್ತದೆ. ಈ ಸೀಮೆಯಲ್ಲಿ ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಹೊರಟ ಮೇಲೆ ಕೆಸರನ್ನೆಲ್ಲ ಕಳೆದು ಅಕ್ಟೋಬರಿನಲ್ಲಿ ಒಮ್ಮೆ ಹಚ್ಚುವುದು ಯೋಗ್ಯ.

ಕೊನೆಯದಾಗಿ ಕೊಚ್ಚೆನೀರಿನ ವಿಚಾರ. ಹಳ್ಳದೊಳಕ್ಕೇ ಕಾರನ್ನು ಇಳಿಸಿ ತೊಳೆಯುವುದು ಅನುಕೂಲವೆಂದು ತೋರಬಹುದು. ಆದರೆ ಕಾರಿನ ಎಣ್ಣೆ, ಡಾಮರು, ಸಾಬೂನುಗಳೆಲ್ಲ ಕಾಳಿನದಿಯನ್ನು ಸೇರುತ್ತವೆ. ಆ ನೀರಿನಲ್ಲಿ ಮೀನುಗಳೂ ಮೊಸಳೆಗಳೂ ಬಾಳುತ್ತಿವೆ. ಕಾರನ್ನು ಹೊಳೆಯಿಂದ ದೂರ, ಮಣ್ಣಿನ ನೆಲದ ಮೇಲೆ ನಿಲ್ಲಿಸಿ, ಮಿತವಾದ ನೀರಿನಿಂದ ತೊಳೆಯಬೇಕು. ಎರಡು ಬಕೆಟ್‌ಗಳ ಕ್ರಮವನ್ನು ಅನುಸರಿಸುವವರಿಗೆ ಹೊಳೆಯ ನೀರು ಬೇಕಾಗುವುದೂ ಇಲ್ಲ.